ಅಕ್ಕೋರು ಕೊಟ್ಟ ಮಾತು

2011ರ ಫೆಬ್ರವರಿಯಲ್ಲಿ ಜನಗಣತಿಗೆಂದು ಮಂಚಿಕೇರಿಯ ಆಚೆ ಒಂದು ಕೇರಿಗೆ ಹೋಗಿದ್ದೆ. ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದ ಹೆಂಗಸು ನನ್ನ ಕೈಯ ಹಾಳೆಯನ್ನೇ ನೋಡುತ್ತ, "ಅಕ್ಕೋರೇ, ಇದನ್ನ ಫಾರೆಸ್ಟಿನವ್ರಿಗೆ ತೋರಿಸ್ತ್ರಾ?" ಎಂದಳು. ಮನೆ ಇದ್ದದ್ದು ಅತಿಕ್ರಮಣದ ಜಾಗದಲ್ಲಿ. ಆ ಹೆದರಿಕೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. "ಯಾರಿಗೂ ತೋರಿಸೋದಿಲ್ಲ ಮಾರಾಯ್ತಿ" ಎಂದೆ. ತರಬೇತಿಯಲ್ಲಿ ಕೇಳಿದ್ದನ್ನೇ ಒಪ್ಪಿಸಿದ್ದೆ, ಅಷ್ಟೆ. ನಾನು ಕೊಟ್ಟ ಮಾತಿಗೆ ಆಧಾರವೇನು ಎಂಬ ಯೋಚನೆ ಹತ್ತಿದ್ದು ಮನೆಗೆ ಬಂದ ಮೇಲೆ.

ಆಧಾರ 1948ರ ಜನಗಣತಿ ಕಾಯಿದೆ. ಅದರ 15ನೇ ಕಲಮಿನ ಪ್ರಕಾರ ಗಣತಿಯ ದಾಖಲೆಯನ್ನು ತೆರೆದು ನೋಡುವ ಹಕ್ಕು ಯಾರಿಗೂ ಇಲ್ಲ. ಅದೇ ಕಾಯಿದೆಯಡಿ ಹೂಡಿದ ಮೊಕದ್ದಮೆ ಬಿಟ್ಟರೆ ಕೋರ್ಟಿನಲ್ಲಿ ಅದು ಸಾಕ್ಷ್ಯವೂ ಆಗದು. 8ನೇ ಕಲಮು ಓದಿ ನನಗೆ ನಗು ಬಂತು: ಹೆಂಗಸು ಗಂಡನ ಹೆಸರು ಹೇಳಲೇಬೇಕೆಂದಿಲ್ಲವಂತೆ! ಜೀವಮಾನವಿಡೀ 'ನಮ್ಮನೆಯವರು' ಎಂದೇ ಕರೆದ ನಮ್ಮತ್ತೆ ಇದನ್ನು ಕೇಳಿದ್ದರೆ ಎಷ್ಟು ಹಿಗ್ಗುತ್ತಿದ್ದರೋ. ಆದರೆ ಮಾಹಿತಿ ಹೊರಗೆಡಹಿದ ಗಣತಿದಾರರಿಗೆ ಶಿಕ್ಷೆ ಎನ್ನುವ 11ನೇ ಕಲಮಿನಲ್ಲಿ 'ಸರ್ಕಾರದ ಪೂರ್ವಾನುಮತಿ ಇಲ್ಲದೆ' ಎಂಬ ಮಾತೊಂದು ಸೇರಿಕೊಂಡಿದೆ. ಅಲ್ಲಿ ನನ್ನ ನಗು ನಿಂತಿತು.

ಅಮೆರಿಕದಲ್ಲೂ 1940ರ ಗಣತಿಯ ಹೊತ್ತಿಗೆ ಜನರಿಗೆ ಇಂಥದೇ ಮಾತು ಕೊಟ್ಟಿದ್ದರು. ಜಪಾನಿನೊಡನೆ ಯುದ್ಧ ಬಂತು. 1942ರಲ್ಲಿ ಹೊಸ ಕಾಯಿದೆ ಮಾಡಿ ಆ ಗುಟ್ಟಿನ ಬೀಗ ತೆಗೆದರು. ಯಾವ ಬೀದಿಯಲ್ಲಿ ಎಷ್ಟು ಜಪಾನಿ ಮೂಲದವರಿದ್ದಾರೆಂಬ ಲೆಕ್ಕವನ್ನು ಗಣತಿ ಕಚೇರಿಯೇ ಸೈನ್ಯಕ್ಕೆ ಕೊಟ್ಟಿತು. ಸುಮಾರು 1,20,000 ಜನ, ಕಂಕುಳ ಕೂಸುಗಳು ಸಹಿತ, ಶಿಬಿರ ಸೇರಿದರು. ಹೆಸರು ಮಾತ್ರ ಯಾರದ್ದೂ ಕೊಟ್ಟಿಲ್ಲವೆಂದು ಕಚೇರಿ ಬಹಳ ಕಾಲ ಹೇಳಿಕೊಂಡಿತು. 1943ರಲ್ಲಿ ವಾಷಿಂಗ್ಟನ್ ಸುತ್ತಮುತ್ತಲಿನವರ ಹೆಸರು, ವಿಳಾಸವನ್ನೂ ಕೊಟ್ಟದ್ದು 2007ರಲ್ಲಿ ಮಾರ್ಗೊ ಆಂಡರ್ಸನ್, ವಿಲಿಯಂ ಸೆಲ್ಟ್ಜರ್ ಎಂಬ ಸಂಶೋಧಕರಿಂದ ಬಯಲಾಯಿತು. ಬಾಗಿಲಲ್ಲಿ ನಿಂತು ಅದನ್ನು ಬರೆದುಕೊಂಡ ಗಣತಿದಾರರಿಗೆ ತಮ್ಮ ಮಾತು ಹೀಗಾದದ್ದು ಗೊತ್ತಾಗುವ ಹಾಗೇ ಇರಲಿಲ್ಲ.

ನಾನು ಆ ಕೇರಿಗೆ ಹೋದದ್ದು ಅದೇ ಮೊದಲಲ್ಲ. 2010ರಲ್ಲಿ ಮನೆಪಟ್ಟಿ ಮಾಡುವಾಗ ರಾಷ್ಟ್ರೀಯ ಜನಸಂಖ್ಯಾ ನೋಂದಣಿಯ ನಮೂನೆಯನ್ನೂ ತುಂಬಿಸಿಕೊಂಡಿದ್ದೆವು. ಅದು ಪೌರತ್ವ ಕಾಯಿದೆ ಮತ್ತು 2003ರ ನಿಯಮಗಳಿಗೆ ಸೇರಿದ್ದು. ಜನಗಣತಿ ಕಾಯಿದೆಯ 15ನೇ ಕಲಮು ಅದಕ್ಕೆ ತಾಗುವುದಿಲ್ಲ. ಗಂಡನ ಹೆಸರನ್ನೂ ಅದರಲ್ಲಿ ಕೇಳಿದ್ದರು. ಎರಡೂ ನಮೂನೆ ಒಂದೇ ಚೀಲದಲ್ಲಿದ್ದವು, ಬರೆದುಕೊಂಡವಳೂ ನಾನೊಬ್ಬಳೇ.

ಆ ದಿನ ಆ ಹೆಂಗಸು ಏನೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ.