ಅಂಕಿತದ ಮರೆಯ ಕಥೆಗಾರ್ತಿಯರು

ಕನ್ನಡ ನಾಡಿನಲ್ಲಿ ಕಾವ್ಯನಾಮವೆಂಬುದು ಬಹುಮಟ್ಟಿಗೆ ಒಂದು ಅಲಂಕಾರ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ‘ಶ್ರೀನಿವಾಸ’ರೆಂಬುದು ಓದುಗರಿಗೆ ಗುಟ್ಟಾಗಿರಲಿಲ್ಲ. ಆದರೆ ಹೆಣ್ಣೊಬ್ಬಳು ಬೇರೆ ಹೆಸರಿನಿಂದ ಬರೆದಾಗ ಅದರ ಕಾರಣ ಎಷ್ಟೋ ವೇಳೆ ಬೇರೆಯಾಗಿರುತ್ತಿತ್ತು.

ನಮ್ಮ ಕಾಸರಗೋಡಿನ ಮೂಡಣ ನೆರೆಯಾದ ಕೊಡಗನ್ನೇ ನೋಡೋಣ. 1912ರಲ್ಲಿ ಜನಿಸಿದ ಗೌರಮ್ಮನವರು ವಿಧವೆಯರ ಸಂಕಟವನ್ನೂ ಸಮಾಜದ ನಿಷ್ಕರುಣೆಯನ್ನೂ ಕಥೆಗಳಲ್ಲಿ ನಿರ್ಭಯವಾಗಿ ಚಿತ್ರಿಸಿದರು. ‘ಅಪರಾಧಿ ಯಾರು?’ ಎಂಬ ಕಥೆಯ ಹೆಸರೇ ಒಂದು ಪ್ರಶ್ನೆ. ಆದರೆ ಆ ಕಥೆಗಾರ್ತಿಯ ಅಂಕಿತ ‘ಮಿಸೆಸ್ ಬಿ. ಟಿ. ಜಿ. ಕೃಷ್ಣ’ ಎಂದಿತ್ತು, ಅದು ಪತಿ ಗೋಪಾಲಕೃಷ್ಣರ ಹೆಸರಿನಿಂದ ಮೂಡಿದುದು. ಬರೆದವಳು ಹೆಣ್ಣೆಂಬುದು ತಿಳಿಯುತ್ತಿತ್ತು, ಗೌರಮ್ಮನೆಂಬುದು ತಿಳಿಯುತ್ತಿರಲಿಲ್ಲ. 1939ರಲ್ಲಿ, 27ರ ಹರೆಯದಲ್ಲಿಯೇ, ನೀರಿನಲ್ಲಿ ಮುಳುಗಿ ಅವರು ಅಸುನೀಗಿದರು. ‘ಕಂಬನಿ’, ‘ಚಿಗುರು’ ಎಂಬ ಎರಡು ಸಂಕಲನಗಳು ನಮಗೆ ಉಳಿದಿವೆ.

ಆಗ ನಮ್ಮೊಡನೆ ಒಂದೇ ಜಿಲ್ಲೆಯಲ್ಲಿದ್ದ ಉಡುಪಿಯ ಸರಸ್ವತೀಬಾಯಿ ರಾಜವಾಡೆಯವರು ‘ಗಿರಿಬಾಲೆ’ಯಾಗಿ ಬರೆದರು. ಅದು ಪತಿಯ ಹೆಸರಲ್ಲ. ಹೆಣ್ತನವನ್ನು ಮುಚ್ಚುವ ಹೆಸರೂ ಅಲ್ಲ.

ಇಂತಹ ಮರೆ ನಮ್ಮ ಸಂಪ್ರದಾಯಸ್ಥ ಸಮಾಜಕ್ಕೆ ಮಾತ್ರ ಬೇಕಾಗಿದ್ದಿತೆಂದು ತಿಳಿಯುವುದು ತಪ್ಪು. ಚಂದ್ರನಲ್ಲಿಗೆ ಮನುಷ್ಯನನ್ನು ಕಳುಹಿಸಲು ಸಿದ್ಧವಾಗುತ್ತಿದ್ದ ಅಮೆರಿಕೆಯಲ್ಲಿಯೇ, 1967ರಲ್ಲಿ, ಆಲಿಸ್ ಶೆಲ್ಡನ್ ಎಂಬ ಮಹಿಳೆ ತನ್ನ ವೈಜ್ಞಾನಿಕ ಕಥೆಗಳಿಗಾಗಿ ಗಂಡು ಹೆಸರೊಂದನ್ನು ಹುಡುಕಿದಳು. ಅಂಗಡಿಯಲ್ಲಿ ಕಂಡ ಹಣ್ಣಿನ ಪಾಕದ ಶೀಶೆಯ ಮೇಲಿನ ‘ಟಿಪ್‌ಟ್ರೀ’ ಎಂಬ ಪದವನ್ನೆತ್ತಿಕೊಂಡು ‘ಜೇಮ್ಸ್ ಟಿಪ್‌ಟ್ರೀ ಜೂನಿಯರ್’ ಆದಳು. ಆಕೆ ಸೈನ್ಯದಲ್ಲಿ ದುಡಿದವಳು, ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವಳು.

1975ರಲ್ಲಿ ಆಕೆಯ ‘ವಾರ್ಮ್ ವರ್ಲ್ಡ್ಸ್ ಅಂಡ್ ಅದರ್‌ವೈಸ್’ ಎಂಬ ಸಂಕಲನ ಪ್ರಕಟವಾಯಿತು. ಮುನ್ನುಡಿ ಬರೆದ ಪ್ರಸಿದ್ಧ ಲೇಖಕ ರಾಬರ್ಟ್ ಸಿಲ್ವರ್‌ಬರ್ಗ್, ಟಿಪ್‌ಟ್ರೀ ಹೆಣ್ಣಿರಬಹುದೆಂಬ ಊಹೆಯನ್ನು ತಳ್ಳಿಹಾಕಿ, ಈ ಬರವಣಿಗೆಯಲ್ಲಿ ಗಂಡಸುತನವೇ ಎದ್ದು ಕಾಣುವುದೆಂದು ತೀರ್ಪಿತ್ತರು. ವಿಚಿತ್ರವೇನೆಂದರೆ, ‘ಗಂಡಸರ ಕಣ್ಣಿಗೆ ಬೀಳದ ಹೆಂಗಸರು’ ಎಂಬರ್ಥದ ಹೆಸರುಳ್ಳ ಕಥೆಯೂ ಅದೇ ಪುಸ್ತಕದಲ್ಲಿದೆ. ಅದರಲ್ಲಿ ತಾಯಿ ಮಗಳಿಬ್ಬರು ಈ ಲೋಕದ ಪುರುಷರ ನಡುವೆ ಬಾಳುವುದಕ್ಕಿಂತ ಅನ್ಯಗ್ರಹದವರೊಡನೆ ಹೊರಟುಹೋಗುವುದೇ ಲೇಸೆಂದು ನಿಶ್ಚಯಿಸುತ್ತಾರೆ. ಕಥೆ ಹೇಳುವ ಗಂಡಸಿಗೆ ಅವರ ಮನಸ್ಸು ಕೊನೆಯವರೆಗೂ ಅರ್ಥವಾಗುವುದಿಲ್ಲ. ಮುನ್ನುಡಿಕಾರರ ಗತಿಯೂ ಅದೇ ಆಯಿತು! 1976ರಲ್ಲಿ ಶೆಲ್ಡನ್ನಳ ತಾಯಿ ತೀರಿಕೊಂಡಾಗ, ಪತ್ರಿಕೆಯ ಮರಣವಾರ್ತೆಯಿಂದ ಗುಟ್ಟು ಬಯಲಾಯಿತು. ಸಿಲ್ವರ್‌ಬರ್ಗ್ ತಮ್ಮ ತಪ್ಪನ್ನು ಮುಚ್ಚಿಡದೆ ಒಪ್ಪಿಕೊಂಡುದು ಅವರಿಗೆ ಭೂಷಣ.

ಈ ಪ್ರಸಂಗಗಳಿಂದ ವೇದ್ಯವಾಗುವುದಿಷ್ಟೆ: ನಾವು ಎಷ್ಟೋ ವೇಳೆ ಓದುವುದು ಬರವಣಿಗೆಯನ್ನಲ್ಲ, ಹೆಸರನ್ನು. ಶೆಲ್ಡನ್ನಳ ಗುಟ್ಟು ಆಕೆ ಬದುಕಿರುವಾಗಲೇ ಹೊರಬಿದ್ದಿತು. ನಮ್ಮವರ ಗುಟ್ಟು ಹಾಗೆ ತಾನಾಗಿ ಹೊರಬೀಳದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ, ಇಲ್ಲಿನ ಮನೆಗಳಲ್ಲಿ ಉಳಿದ ಹಳೆಯ ಕನ್ನಡ ಕಾಗದವೆಲ್ಲ ನಮ್ಮ ಚರಿತ್ರೆಗೆ ಆಧಾರ. ಅಟ್ಟದ ಮೇಲಿನ ಮಾಸಿದ ಪತ್ರಿಕೆಗಳನ್ನು ಗುಜರಿಗೆ ಹಾಕುವ ಮುನ್ನ, ಅವುಗಳಲ್ಲಿ ಅಚ್ಚಾದ ಅಪರಿಚಿತ ಅಂಕಿತಗಳ ಕಡೆಗೆ ಒಮ್ಮೆ ಕಣ್ಣು ಹಾಯಿಸೋಣ. ಅದು ಯಾರ ಹೆಸರೆಂದು ಬಲ್ಲ ಅಜ್ಜಿಯೊಬ್ಬರು ಮನೆಯಲ್ಲಿದ್ದರೆ ಇಂದೇ ಕೇಳಿ ಬರೆದಿಡೋಣ.

‘ಮಿಸೆಸ್ ಕೃಷ್ಣ’ರನ್ನು ಇಂದು ನಾಡು ‘ಕೊಡಗಿನ ಗೌರಮ್ಮ’ನೆಂದೇ ಕರೆಯುತ್ತಿದೆ. ಅವರ ಹೆಸರೂ ಅವರ ಊರೂ ಅವರಿಗೆ ಮರಳಿ ದೊರೆತಿವೆ.