ಚಿನ್ನದ ಸೀಮೆಗೆ ಗಣಕಯಂತ್ರ ಬಂದ ಬಗೆ

ಕೋಲಾರವೆಂದೊಡನೆ ಹೊರಗಿನವರಿಗೆ ನೆನಪಾಗುವುದು ಚಿನ್ನ. ಆದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ರೈತನಿಗೆ ಆ ಚಿನ್ನದಿಂದ ದಕ್ಕಿದ್ದು ಅತ್ಯಲ್ಪ. ಅವನ ಬದುಕು ನಿಂತದ್ದು ಕೆರೆಯ ನೀರಿನ ಮೇಲೆ, ಎರಡು ಮೂರು ಎಕರೆ ಹೊಲದ ಮೇಲೆ, ಆ ಹೊಲ ತನ್ನದೆಂದು ಸಾರುವ ಪಹಣಿ ಎಂಬ ಹಾಳೆಯ ಮೇಲೆ. ನಮ್ಮ ಜಿಲ್ಲೆಗೆ ಗಣಕಯಂತ್ರ ಬಂದ ಕಥೆಯನ್ನು ಆ ಹಾಳೆಯಿಂದಲೇ ಆರಂಭಿಸುವುದು ಸೂಕ್ತವೆಂದು ನನ್ನ ಭಾವನೆ.

ಹೊಸ ಯಂತ್ರಗಳು ನಮ್ಮ ಸೀಮೆಗೆ ಅಪರಿಚಿತವೇನಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ಕೆ.ಜಿ.ಎಫ್.ಗೆ ವಿದ್ಯುತ್ ತಂದರು. 1965ರಲ್ಲಿ ಅದೇ ಗಣಿಯ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನವರೊಡನೆ ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವನ್ನು ಗುರುತಿಸಿದರು. ಇವೆಲ್ಲ ನಮ್ಮ ನೆಲದಲ್ಲಿ ನಡೆದವು. ಆದರೆ ಹಳ್ಳಿಯ ಜಗಲಿಯವರೆಗೆ ಬರಲಿಲ್ಲ. ಪಹಣಿ ಮಾತ್ರ ಕೈಬರಹದಲ್ಲಿಯೇ ಉಳಿಯಿತು. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾಯಿತು, ಗ್ರಾಮಲೆಕ್ಕಿಗರು ಬಂದರು. ಪುಸ್ತಕ ಮಾತ್ರ ಒಬ್ಬನ ಕೈಯಲ್ಲಿಯೇ ಇತ್ತು. ಪಹಣಿಯ ನಕಲು ಬೇಕಾದವನು ಆತನನ್ನು ಹುಡುಕಿಕೊಂಡು ಹೋಗಬೇಕಿತ್ತು.

ಈ ಸ್ಥಿತಿಯನ್ನು ಬದಲಿಸಿದ್ದು ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆ. ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳು ಗಣಕಯಂತ್ರ ಸೇರಿದವು. 2002ರ ಹೊತ್ತಿಗೆ ಆಗಿನ 177 ತಾಲ್ಲೂಕುಗಳಲ್ಲಿಯೂ ಇದು ಜಾರಿಯಾಯಿತು. 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಅಚ್ಚಾದ ಪಹಣಿ ದೊರೆಯುತ್ತಿತ್ತು. ರೈತನ ಕಡೆಗೂ ಒಂದು ಪರದೆ ಇಟ್ಟಿದ್ದರಿಂದ ಒಳಗೆ ಕುಳಿತವರು ಏನು ಮಾಡುತ್ತಿದ್ದಾರೆಂದು ಅವನು ನೋಡಬಹುದಿತ್ತು. ಸಿಬ್ಬಂದಿ ಬೆರಳಚ್ಚು ಒತ್ತಿದರೆ ಮಾತ್ರ ದಾಖಲೆ ತೆರೆಯುತ್ತಿತ್ತು. ಯಾರು ತಿದ್ದಿದರೆಂಬುದು ಯಂತ್ರದಲ್ಲಿ ಉಳಿಯುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡಬೇಕಿತ್ತು. ವಶೀಲಿಗೆ ಅಲ್ಲಿ ಎಡೆ ಕಡಿಮೆಯಾಯಿತು.

ಆ ಯಂತ್ರದ ಒಳಗೇನಿದೆ ಎಂಬ ಕುತೂಹಲ ನನಗೂ ಇತ್ತು. ಆ ವರ್ಷಗಳಲ್ಲಿಯೇ ಕೋಲಾರದಲ್ಲಿ ಗಣಕಯಂತ್ರ ಜೋಡಿಸುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, “ಮೇಷ್ಟ್ರೇ, ನೀವೇ ಕೂರಿಸಿ ನೋಡಿ” ಎಂದು ಪ್ರೊಸೆಸರನ್ನು ನನ್ನ ಅಂಗೈಯಲ್ಲಿಟ್ಟ. ಬಿಸ್ಕತ್ತಿನಷ್ಟು ಅಗಲದ ಬಿಲ್ಲೆ. ಅಡಿಯಲ್ಲಿ ಕೂದಲೆಳೆಯಂಥ 370 ಕಡ್ಡಿಗಳು. ಮದರ್‌ಬೋರ್ಡಿನ ಸಾಕೆಟ್ಟಿನ ಪಕ್ಕದ ಸಣ್ಣ ಸನ್ನೆಯನ್ನು ಮೇಲೆತ್ತಬೇಕು, ಮೂಲೆಯ ಗುರುತನ್ನು ಹೊಂದಿಸಬೇಕು, ನಂತರ ಬಿಟ್ಟುಬಿಡಬೇಕು. ಅದು ತನ್ನ ಭಾರಕ್ಕೆ ತಾನೇ ಕುಳಿತುಕೊಳ್ಳುತ್ತದೆ. ಒತ್ತಿದರೆ ಕಡ್ಡಿ ಬಾಗುತ್ತದೆ. ಸನ್ನೆಯನ್ನು ಇಳಿಸಿದ ಮೇಲೆ ಶಾಖ ಹರಿಸುವ ಅಂಟನ್ನು ತೆಳುವಾಗಿ ಹಚ್ಚಿ, ಅದರ ಮೇಲೆ ಲೋಹದ ಹಲ್ಲುಗಳ ತುಂಡನ್ನೂ ಫ್ಯಾನನ್ನೂ ಬಿಗಿಯಬೇಕು. 1971ರ ಇಂಟೆಲ್ 4004ರಲ್ಲಿ 2,300 ಟ್ರಾನ್ಸಿಸ್ಟರುಗಳಿದ್ದರೆ, 1993ರ ಪೆಂಟಿಯಂನಲ್ಲಿ 31 ಲಕ್ಷ. ಅಷ್ಟೂ ಕೆಲಸ ಮಾಡುವಾಗ ಹುಟ್ಟುವ ಬಿಸಿಯನ್ನು ಹೊರಹಾಕದಿದ್ದರೆ ಯಂತ್ರ ನಿಲ್ಲುತ್ತದೆ.

ಆ ಕಡ್ಡಿಗಳು ಹೊಂಬಣ್ಣದವು. ಬಣ್ಣವಷ್ಟೇ ಅಲ್ಲ, ಅವಕ್ಕೆ ನಿಜವಾದ ಚಿನ್ನದ ಲೇಪವಿರುತ್ತದೆ. ತಾಮ್ರ ಗಾಳಿಗೆ ಕಿಲುಬು ಹಿಡಿಯುತ್ತದೆ, ಬೆಳ್ಳಿ ಕಪ್ಪಾಗುತ್ತದೆ. ಚಿನ್ನ ಕೆಡುವುದಿಲ್ಲ, ಆದುದರಿಂದ ವಿದ್ಯುತ್ ಸಂಪರ್ಕ ತಪ್ಪುವುದಿಲ್ಲ. 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ಕೋಲಾರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಗಣಿ ಮುಚ್ಚಿದ ಕಾಲಕ್ಕೇ, ಚಿನ್ನದ ತೆಳುಲೇಪ ಹೊತ್ತ ಈ ಬಿಲ್ಲೆಗಳು ನಮ್ಮ ತಾಲ್ಲೂಕು ಕಚೇರಿಗಳಿಗೆ ಬಂದವು. ಮೂರು ಕಿಲೋಮೀಟರ್ ಆಳದಿಂದ ಎತ್ತಿದ ಚಿನ್ನ ಮಾಡದ ಉಪಕಾರವನ್ನು, ಉಗುರಿಗೂ ಸಾಲದಷ್ಟು ಚಿನ್ನ ಮುಳಬಾಗಿಲಿನ ಕಡಲೆಕಾಯಿ ಬೆಳೆಗಾರನಿಗೂ ಶ್ರೀನಿವಾಸಪುರದ ಮಾವಿನ ತೋಟದವನಿಗೂ ಮಾಡಿತೆಂದರೆ ಅತಿಶಯೋಕ್ತಿಯಾಗದು.

ಹಾಗೆಂದು ಎಲ್ಲವೂ ಸರಿಹೋಯಿತೆನ್ನಲಾಗದು. ಯಂತ್ರ ತನಗೆ ಕೊಟ್ಟದ್ದನ್ನಷ್ಟೇ ನೆನಪಿಡುತ್ತದೆ. ಹಳೆಯ ಪುಸ್ತಕದಲ್ಲಿ ಹೆಸರು ತಪ್ಪಾಗಿದ್ದರೆ, ತಪ್ಪೇ ಅಂದವಾಗಿ ಅಚ್ಚಾಗಿ ಬರುತ್ತದೆ. ತಾತನ ಹೆಸರಿನಲ್ಲಿಯೇ ಉಳಿದ ಖಾತೆ, ಬಾಯಿಮಾತಿನ ಪಾಲು, ಹೆಣ್ಣುಮಕ್ಕಳಿಗೆ ಸೇರಬೇಕಾದ ಹಕ್ಕು ಇವು ಯಾವುವೂ ತಾವಾಗಿ ಇತ್ಯರ್ಥವಾಗುವುದಿಲ್ಲ. ಅದಕ್ಕೆ ಬೇಕಾದುದು ಮನುಷ್ಯರ ನ್ಯಾಯಬುದ್ಧಿ.

ಈಚಿನ ಇತಿಹಾಸವೂ ಇದನ್ನೇ ಹೇಳುತ್ತದೆ. ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ 2020ರಲ್ಲಿ ವಿಸ್ಟ್ರಾನ್ ಕಂಪನಿ ಐಫೋನ್ ಜೋಡಣೆ ಆರಂಭಿಸಿತು. ಅದೇ ಡಿಸೆಂಬರಿನಲ್ಲಿ ವೇತನದ ವಿಷಯಕ್ಕೆ ಕಾರ್ಮಿಕರ ಆಕ್ರೋಶ ಸಿಡಿಯಿತು. 2023ರಲ್ಲಿ ಅದು ಟಾಟಾ ಸಮೂಹದ ಕೈಸೇರಿತು. ಫೋನಿನ ಪ್ರೊಸೆಸರಿಗೆ ಸನ್ನೆಯಿಲ್ಲ, ಅದನ್ನು ಬೆಸೆದುಬಿಟ್ಟಿರುತ್ತಾರೆ. ನನ್ನಂಥವರು ಬೆರಳಿನಿಂದ ಎತ್ತಿಡುವ ಕಾಲ ಅಲ್ಲಿಲ್ಲ. ಗಣಿಯ ಕಾಲದಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಮಾತ್ರ ಹಾಗೆಯೇ ಇದೆ: ಈ ನೆಲದಲ್ಲಿ ಹುಟ್ಟುವ ಸಂಪತ್ತಿನಲ್ಲಿ ಈ ನೆಲದ ಮಕ್ಕಳ ಪಾಲೆಷ್ಟು? ನಮ್ಮ ಮಕ್ಕಳು ಯಂತ್ರ ಜೋಡಿಸುವುದರ ಜೊತೆಗೆ ಈ ಲೆಕ್ಕ ಕೇಳುವುದನ್ನೂ ಕಲಿಯಲಿ.