ಕಿರುತೆರೆಯ ನಗೆ ಮತ್ತು ಕನ್ನಡದ ಕಾರ್ಟೂನು

ನಾಪೋಕ್ಲು: ಕೊಡವ ತಕ್ಕ್, ಮಲಯಾಳ, ಅರೆಭಾಷೆ, ತುಳು ಕಿವಿಗೆ ಬೀಳುವ ಈ ಕಾವೇರಿ ಸೀಮೆಯಲ್ಲಿ ಕಿರುತೆರೆಯ ಕನ್ನಡ ಹಾಸ್ಯವೆಂದರೆ ಮನೆಮಾತಿಗಿಂತ ಬೇರೆಯಾದ ನುಡಿಯಲ್ಲಿ ನಗುವುದು. ಮರುಪ್ರಸಾರವೂ ಅಂತರ್ಜಾಲವೂ ಕೈಗೆಟುಕದಿದ್ದ ದಿನಗಳಲ್ಲಿ, ಮಳೆಗಾಲದಲ್ಲಿ ಕರೆಂಟು ಹೋಯಿತೆಂದರೆ ಆ ಸಂಜೆಯ ಕಂತೂ ಹೋದಂತೆಯೇ.

2000ದ ಡಿಸೆಂಬರ್‌ನಲ್ಲಿ ಆರಂಭಗೊಂಡ ಈಟಿವಿ ಕನ್ನಡ ವಾಹಿನಿಯು (2015ರಿಂದ ಕಲರ್ಸ್ ಕನ್ನಡ) ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’ ಹಾಗೂ ವಿಜಯಪ್ರಸಾದ್ ಅವರ ‘ಸಿಲ್ಲಿ ಲಲ್ಲಿ’ಯನ್ನು ಮನೆಮನೆಗೆ ತಲುಪಿಸಿತು. ಪಾಚುವಿನಿಂದ ಪಾಂಡು ಏಟು ತಿನ್ನುವ ಹಾಸ್ಯವನ್ನು ತುಸು ಹೆಚ್ಚಾಗಿಯೇ ಎಳೆಯಲಾಯಿತು. ಆದರೂ ವೀಕ್ಷಕರು ಕಾದದ್ದು ಅದಕ್ಕೇ. ಡಾ. ವಿಠಲ್‌ರಾವ್ ಪಾತ್ರವಂತೂ ಎಷ್ಟು ಅಂಟಿಕೊಂಡಿತೆಂದರೆ, ನಟ ರವಿಶಂಕರ್ ಗೌಡ ಅಭಿಮಾನಿಗಳ ಬಾಯಲ್ಲಿ ‘ಸಿಲ್ಲಿ ಲಲ್ಲಿ ರವಿಶಂಕರ್’ ಆಗಿಯೇ ಉಳಿದರು.

ಮಕ್ಕಳಿಗೆ ಮಾತ್ರ ಈ ಭಾಗ್ಯ ತಡವಾಗಿ ದೊರೆಯಿತು. ಕಲಾವಿದರು, ತಂತ್ರಜ್ಞರ ಕೆಲಸಕ್ಕೆ ಕುತ್ತು ಬರುತ್ತದೆಂಬ ಕಾರಣಕ್ಕೆ ಕನ್ನಡದಲ್ಲಿ ಡಬ್ಬಿಂಗ್‌ಗೆ ದಶಕಗಳ ಕಾಲ ವಿರೋಧವಿತ್ತು. ಕಲಾವಿದರ ಆತಂಕ ಸುಳ್ಳಲ್ಲ. ಆದರೆ ಹಿಂದಿ, ತಮಿಳಿನಲ್ಲಿ ಮಾತನಾಡುತ್ತಿದ್ದ ಕಾರ್ಟೂನು ಕನ್ನಡದ ಮಗುವಿನ ಮಟ್ಟಿಗೆ ಬರಿಯ ಓಟ, ಬೀಳಾಟದ ಆಟವಾಗಿತ್ತು. ಮಾತಿನ ಚೇಷ್ಟೆ ತಿಳಿಯುತ್ತಿರಲಿಲ್ಲ. 2009ರಲ್ಲಿ ಸನ್ ಸಮೂಹದ ಚಿಂಟು ಟಿವಿ ಕಾರ್ಟೂನುಗಳನ್ನು ಕನ್ನಡದಲ್ಲಿ ನೀಡತೊಡಗಿತು. ಕನ್ನಡ ಗ್ರಾಹಕರ ಕೂಟದ ದೂರಿನ ಮೇರೆಗೆ ಭಾರತೀಯ ಸ್ಪರ್ಧಾ ಆಯೋಗವು 2015ರ ಜುಲೈನಲ್ಲಿ ಡಬ್ಬಿಂಗ್ ತಡೆಯುವುದು ಸಲ್ಲದೆಂದು ತೀರ್ಪಿತ್ತಿತು.